ಮೂರನೇ ಗಾಯಾಳು

ನಮ್ಮ ಯಜಮಾನರು ಉಚ್ಚೆಂಗಪ್ಪನವರಿಗೆ ಸಾಯುವುದೆಂದರೆ ಪಂಚಪ್ರಾಣ. ಬಯಲಾಟದಲ್ಲಿ ರಕ್ಕಸನ ವೇಷ ಹಾಕಿ, ಬಾಣ ನಾಟಿಸಿಕೊಂಡು, ರಂಗದ ತುಂಬ ಉರುಳಾಡಿ ಪ್ರಾಣ ಬಿಟ್ಟರೆ ನಮ್ಮೂರು ಚಿತ್ತವಾಡ್ಗಿಯ ಮಂದಿ ಶಿಳ್ಳೆ ಹೊಡೆದು "ಒನ್ಸ್ ಮೋರ್!" ಎಂದು ಕೂಗುತ್ತಿದ್ದರು. ಕೂಗಿದ್ದೇ ತಡ, ಸತ್ತ ರಕ್ಕಸ ಎದ್ದು ಮೀಸೆ ತಿರುವಿ ಮತ್ತೆ ಮೊದಲಿನಿಂದ ಸಾಯುತ್ತಿದ್ದ. ನನಗೋ ಮೈಯೆಲ್ಲ ಉರಿ. ಆ 'ಒನ್ಸ್ ಮೋರ್' ಮಾತನ್ನು ಮನೆಯಲ್ಲಿ ಯಾರೂ ಆಡಕೂಡದೆಂದು ತಾಕೀತು ಮಾಡಿದ್ದೆ.

"ಹೇಣ್ತಿ ಮುಂದ ಸತ್ತು ಸತ್ತು ತೋರಸ್ತೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ?" ಎಂದರೆ, "ಲೇ ವಿರುಪಿ, ಕೇಳಿದ ಮ್ಯಾಲೂ ಏಳದಿದ್ರ ಮಂದಿ ಏನಂತಾರ?" ಎಂದು ನಗುವರು.

ಅವರಿಗೊಂದು ಹಟವಿತ್ತು. ಎಷ್ಟೇ ಉರುಳಾಡಲಿ, ಕೊನೆಗೆ ಬೀಳುವುದು ಅಂಗಾತವೇ. ಮುಖ ಮಂದಿಗೆ ಕಾಣದಿದ್ದರೆ ಅದೆಂಥ ಸಾವು ಎನ್ನುವ ವಾದ.

ಹೀಗಿರುವಾಗ ನಮ್ಮ ವಾರ್ಡಿನ ಮೆಂಬರ್ ಮಾರುತೇಶ್ ಮನೆಗೆ ಬಂದ. ಬೆಂಕಿ ಬಿದ್ದಾಗ ಜನರನ್ನು ಹೇಗೆ ಉಳಿಸಬೇಕೆಂದು ಅಗ್ನಿಶಾಮಕದವರು, ಪೊಲೀಸರು, ಆಂಬುಲೆನ್ಸಿನವರು ಸೇರಿ ಮೈದಾನದಲ್ಲಿ ಅಣಕು ಪ್ರದರ್ಶನ ಮಾಡುವವರಿದ್ದರು. ಗಾಯಾಳುಗಳಾಗಿ ಬೀಳಲು ಮಂದಿ ಬೇಕಿತ್ತು.

"ಮಾಮ, ನಿಮ್ಮಂಗ ಬೀಳೋರು ಈ ಕಡಿ ಯಾರದಾರ್ರಿ?" ಎಂದು ಅವನು ಅಂದದ್ದೇ ಇವರು ಉಬ್ಬಿಹೋದರು. ಪ್ರದರ್ಶನದ ದಿನ ಬೆಳಿಗ್ಗೆ ಇವರು ಎದೆ ತಿಕ್ಕಿಕೊಳ್ಳುತ್ತಿದ್ದುದನ್ನು ಕಂಡು ಹೋಗಬೇಡಿ ಎಂದೆ. "ನಿನ್ನಿ ಮಿರ್ಚಿ ಹೆಚ್ಚಾಗ್ಯಾವ, ಸುಮ್ಕಿರು" ಎಂದು ಹೊರಟೇಬಿಟ್ಟರು.

ಮೈದಾನಕ್ಕೆ ಹಗ್ಗ ಕಟ್ಟಿದ್ದರು. ನಾನು ಹಗ್ಗಕ್ಕೆ ಅಂಟಿಕೊಂಡೇ ನಿಂತೆ. ಯಾರು ಯಾವಾಗ ಬೀಳಬೇಕು, ಯಾರನ್ನು ಮೊದಲು ಎತ್ತಬೇಕು ಎಂಬುದೆಲ್ಲ ಮುಂಚೆಯೇ ಗೊತ್ತುಮಾಡಿದ್ದರು. ಇವರು ಮೂರನೇ ಗಾಯಾಳು, ಕೊನೆಯ ಪಾಳಿ.

ಸೈರನ್ ಕೂಗಿತು. ಹೊಗೆ ಎದ್ದಿತು. ಮೊದಲಿಬ್ಬರು ನಾಚಿಕೊಳ್ಳುತ್ತ, ಚಾಪೆಯ ಮೇಲೆ ಮಲಗುವವರ ಹಾಗೆ ಮಲಗಿದರು. ಇವರು ಹೊಗೆಯೊಳಗಿಂದ ತೂರಾಡುತ್ತ ಬಂದು, ಎದೆ ಹಿಡಿದುಕೊಂಡು ಧಡ್ಡನೆ ಬಿದ್ದರು. ಅಬ್ಬಾ, ಶಿಳ್ಳೆಯೋ ಶಿಳ್ಳೆ!

"ನೋಡ್ರಿ, ಎಂಥಾ ನೈಜ ಅಭಿನಯ!" ಎಂದು ಅಧಿಕಾರಿಯೊಬ್ಬರು ಮೈಕಿನಲ್ಲಿ ಹೊಗಳಿದರು.

ಇವರು ಬೋರಲು ಬಿದ್ದಿದ್ದರು. ಮುಖ ಮಣ್ಣಿನಲ್ಲಿತ್ತು.

ಹಗ್ಗ ನುಸುಳಿ ಓಡಿದೆ. ಇಬ್ಬರು ಮಹಿಳಾ ಪೊಲೀಸರು ಬಂದು ನನ್ನ ರಟ್ಟೆ ಹಿಡಿದರು.

"ಬಿಡ್ರವ್ವಾ! ಅವರು ಹಿಂಗ ಬೀಳಂಗಿಲ್ಲ! ಇದು ಆಟ ಅಲ್ಲ, ಖರೇ ಐತಿ!"

ಮೈಕು ಮತ್ತೆ ಮಾತಾಡಿತು. "ಗಾಯಾಳುಗಳ ಮನಿಯವರು ಹಿಂಗ ಗಾಬರಿಯಾಗಿ ಅಡ್ಡ ಬರ್ತಾರ. ಅವರನ್ನ ಹೆಂಗ ತಡೀಬೇಕು ಅಂತ ನೋಡಿ ಕಲೀರಿ."

ಮಂದಿ ಚಪ್ಪಾಳೆ ತಟ್ಟಿದರು. ನನಗೆ! ನನ್ನ ಅಳುವಿಗೆ!

"ನಿಮ್ಮ ಬಾಯಾಗ ಮಣ್ಣ ಬೀಳ! ಮೊದಲು ಅವರನ್ನ ಎತ್ರೋ!" ಎಂದು ಚೀರಿದೆ. ಚಪ್ಪಾಳೆ ಇನ್ನೂ ಜೋರಾಯಿತು. ರಟ್ಟೆ ಹಿಡಿದಿದ್ದ ಹುಡುಗಿ ನನ್ನ ಕಿವಿಯಲ್ಲಿ, "ಮಸ್ತ್ ಮಾಡಾಕತ್ತೀರಿ ಯಕ್ಕಾ" ಎಂದಳು. ಎಷ್ಟು ಕೊಸರಿದರೂ ಹಿಡಿತ ಬಿಡಲಿಲ್ಲ.

ಕಣ್ಣೆದುರಿಗೇ ಮೊದಲನೆಯವನನ್ನು ಸ್ಟ್ರೆಚರಿನಲ್ಲಿ ಹೊತ್ತರು. ಇಲ್ಲದ ಗಾಯಕ್ಕೆ ಪಟ್ಟಿ ಸುತ್ತಿದರು. ಅವನನ್ನು ಮಲಗಿಸಿಕೊಂಡು ಆಂಬುಲೆನ್ಸು ಮೈದಾನಕ್ಕೆ ಒಂದು ಸುತ್ತು ಹಾಕಿ ಬಂತು. ಆಮೇಲೆ ಎರಡನೆಯವನು. ಅವನು ಮಲಗಿದಲ್ಲಿಂದಲೇ ಗೆಳೆಯರಿಗೆ ಕೈ ಬೀಸಿದ. ಇವರು ಮಾತ್ರ ಹಾಗೇ ಬಿದ್ದಿದ್ದರು, ಪಾಳಿ ಬರಲೆಂದು.

ಕೊನೆಗೆ ಅಗ್ನಿಶಾಮಕದ ಪಂಪೇಶ್ ಎಂಬ ಹುಡುಗ ನಗುತ್ತ ಹೋಗಿ, "ಅಜ್ಜಾರ, ಈಗ ನಿಮ್ಮ ಪಾಳಿರಿ" ಎಂದು ಇವರನ್ನು ಹೊರಳಿಸಿದ. ಅವನ ನಗು ಅಲ್ಲೇ ನಿಂತಿತು. ಮಂಡಿಯೂರಿ ಎದೆ ಒತ್ತತೊಡಗಿದ.

"ಸರ್, ಇದು ಖರೇನ ಐತ್ರಿ! ಗಾಡಿ ತರ್ರಿ, ಜಲ್ದಿ!"

ಹಗ್ಗದ ಆಚೆಯಿಂದ ಯಾರೋ ಕೂಗಿದರು. "ಒನ್ಸ್ ಮೋರ್!" ಮೈದಾನಕ್ಕೆ ಮೈದಾನವೇ ದನಿಗೂಡಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷಿಸಿ ಹಿಂದೆ ಸರಿದರು. "ಸ್ವಲ್ಪ ಮೊದಲ ಕರ್ಕೊಂಡು ಬರಬೇಕಿತ್ತಮ್ಮ" ಎಂದರು.

ಮೊದಲೇ? ಆಂಬುಲೆನ್ಸು, ಪೊಲೀಸರು, ಅಧಿಕಾರಿಗಳು, ಇಡೀ ಊರೇ ಅವರ ಸುತ್ತ ನಿಂತಿತ್ತಲ್ಲ!

ಅವರ ಮುಖಕ್ಕೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದೆ. ಮೀಸೆ ನೇರ ಮಾಡಿದೆ. ಈಗ ಅಂಗಾತ ಮಲಗಿದ್ದರು, ಅವರಿಗೆ ಬೇಕಾದ ಹಾಗೆಯೇ. ಬಗ್ಗಿ, ಅವರ ಕಿವಿಗೆ ಬಾಯಿಟ್ಟು, ಜನ್ಮದಲ್ಲಿ ಮೊದಲ ಸಲ ಆ ಮಾತು ಆಡಿದೆ.

"ಒನ್ಸ್ ಮೋರ್ ರೀ. ನಾನ ಕೇಳಾಕತ್ತೀನಿ. ಏಳ್ರಿ."