ಪ್ರಾರ್ಥನೆಯ ಹೊತ್ತಿನ ಅಳತೆ

ಶನಿವಾರ ಸಂಜೆ ಪ್ರಾರ್ಥನೆಯ ಶಂಖ ಊದಿದಾಗ ನಾನು ತಂಗಿ ಲೋಸಾಳ ಮನೆಯಲ್ಲಿ ಅಳತೆಯ ಯಂತ್ರ ಹಿಡಿದು ನಿಂತಿದ್ದೆ. ಶಂಖ ಊದಿದ ಮೇಲೆ ನಮ್ಮ ಸವಾಯಿ ದ್ವೀಪದ ಊರಲ್ಲಿ ಯಾರೂ ರಸ್ತೆಗೆ ಕಾಲಿಡುವಂತಿಲ್ಲ. ಇಟ್ಟರೆ ಹಂದಿ ದಂಡ. ಎಲ್ಲರೂ ಫೋನ್ ಆರಿಸಿ ಚಾಪೆಯ ಮೇಲೆ ಕೂರಬೇಕು. ನಾನೂ ಕೂತೆ. ಯಂತ್ರವನ್ನು ಮಾತ್ರ ಆರಿಸಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಕೈಕಟ್ಟಿ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗದು.

ಮೊಬೈಲ್ ಟವರಿನ ಅಲೆಗಳು ಮನೆಯೊಳಗೆ ಎಷ್ಟು ಬೀಳುತ್ತವೆಂದು ಅಳೆಯುವುದು ನನ್ನ ಸರ್ಕಾರಿ ಕೆಲಸ. ಲೋಸಾಳ ಹಿತ್ತಿಲ ಹಿಂದೆಯೇ ಟವರು. ಅದು ಬಂದ ಮೇಲೆ ಅವಳ ಹೊಟ್ಟೆಯಲ್ಲಿ ಎರಡು ಕೂಸು ನಿಲ್ಲಲಿಲ್ಲ. ಈಗ ಮೂರನೆಯದಕ್ಕೆ ಏಳು ತಿಂಗಳು.

"ಜಾಸ್ತಿ ಇದ್ರೆ ಹೇಳ್ಬಿಡಕ್ಕ, ಗಂಡನ್ನೂ ಬಿಟ್ಟು ನಮ್ಮ ಸೋದರತ್ತೆ ಊರಿಗೆ ಹೋಗಿರ್ತೀನಿ" ಅಂದಿದ್ದಳು.

ಪ್ರಾರ್ಥನೆಯ ಹಾಡು ಮುಗಿದು ಬಿಡುಗಡೆಯ ಶಂಖ ಊದುತ್ತಲೇ ದೊಡ್ಡಪ್ಪ ಪೆನಿಯಮಿನಾ ಕತ್ತು ಚಾಚಿದರು. ಮನೆತನದ ಹಿರಿಯರು, ಟವರಿಗೆ ಒಪ್ಪಿಗೆ ಕೊಟ್ಟವರೂ ಅವರೇ. "ಎಷ್ಟಮ್ಮ?"

"ಸೊನ್ನೆ ಪಕ್ಕದಲ್ಲೇ ಇದೆ."

"ನಾನ್ ಹೇಳಿರ್ಲಿಲ್ವಾ!" ಲೋಸಾ ತಂದಿಟ್ಟ ಬಿಸಿ ಕೋಕೋ ಆರುವುದರೊಳಗೆ ಅರ್ಧ ಊರಿಗೆ ಡಂಗುರ ಸಾರಿ ಬಂದರು.

ನಾನು ಮಾತ್ರ ಕೋಕೋ ಲೋಟ ಕೆಳಗಿಟ್ಟು ಯಂತ್ರವನ್ನು ಮತ್ತೆ ನೋಡಿದೆ. ಊರಿನ ಒಂದು ಫೋನೂ ಉಸಿರೆತ್ತದ ಹೊತ್ತಿನಲ್ಲಿ ಟವರಿಗೇನು ಕೆಲಸ? ಈ ಊರಲ್ಲೇ ಹುಟ್ಟಿದವಳಿಗೆ ಅಷ್ಟೂ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ದೊಡ್ಡಪ್ಪ, ನಂದೇ ತಪ್ಪು. ನಾಳೆ ಮತ್ತೆ ಅಳೀಬೇಕು."

"ಭಾನುವಾರ ಕೆಲಸ ಮಾಡ್ತೀಯಾ? ದೇವರೆದುರು ಅಳೆದಿದ್ದು ಸುಳ್ಳಾಗತ್ತಾ?"

"ದೇವರಿಗೆ ಫೋನ್ ಬೇಡ ದೊಡ್ಡಪ್ಪ. ಆಕ್ಲೆಂಡಿನ ನೆಂಟರಿಗೆ ಬೇಕು."

ಪ್ರಾರ್ಥನೆಗೆ ಬಂದು ಕೂತಿದ್ದ ಅತ್ತೆಯರು ಕಿಸಕ್ಕನೆ ನಕ್ಕರು. ದೊಡ್ಡಪ್ಪ ನಗಲಿಲ್ಲ, ತಡೆಯಲೂ ಇಲ್ಲ.

ಮರುದಿನ ಚರ್ಚು ಮುಗಿದು ಊಟವಾಗುತ್ತಲೇ ಊರಿಗೆ ಊರೇ ಫೋನಿಗೆ ಬಿತ್ತು. ಒಬ್ಬಳು ಆಕ್ಲೆಂಡಿನವರಿಗೆ ವಿಡಿಯೋದಲ್ಲಿ ಹುರಿದ ಹಂದಿಯನ್ನು ತೋರಿಸಿದರೆ ಇನ್ನೊಬ್ಬಳು ಮೊಮ್ಮಗನ ಹಲ್ಲು ತೋರಿಸುತ್ತಿದ್ದಳು. ನಾನು ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತ ಅಳೆದೆ. ನಿನ್ನೆಯ ಒಂಬತ್ತು ಪಟ್ಟು.

"ಒಂಬತ್ತಾ?" ಲೋಸಾಳ ಮುಖ ಅರಳಿತು. ಎಷ್ಟೋ ತಿಂಗಳಿಂದ ಅದು ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. "ಹಾಗಾದ್ರೆ ಟವರಿಂದಾನೇ ಅಲ್ವಾ ಅಕ್ಕ?" ಎನ್ನುತ್ತ ಆಗಲೇ ಚೀಲಕ್ಕೆ ಬಟ್ಟೆ ತುರುಕತೊಡಗಿದ್ದಳು.

ಹೌದು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಒಂಬತ್ತು ಪಟ್ಟಾದ್ರೂ ಅಪಾಯದ ಮಿತಿಯ ನೂರರಲ್ಲಿ ಒಂದು ಪಾಲೂ ಇಲ್ಲ ಕಣೇ. ಟವರಿಂದ ಅಲ್ಲ."

ಅವಳ ಕೈ ನಿಂತಿತು. ಚೀಲದ ಪಕ್ಕದಲ್ಲೇ ಕೂತಳು.

"ಮತ್ತೆ ಯಾರಿಂದ ಅಕ್ಕ? ನನ್ನಿಂದಾನಾ?"

"ಅಲ್ಲ" ಅಂದೆ. ಅವಳನ್ನು ತಬ್ಬಿಕೊಂಡು ಮತ್ತೆ "ಅಲ್ಲ ಕಣೇ, ಅಲ್ಲ" ಅಂದೆ.

ಅವಳು ನನ್ನ ಕೈಯಲ್ಲಿದ್ದ ಯಂತ್ರವನ್ನೇ ನೋಡುತ್ತಿದ್ದಳು.

"ನನ್ನಿಂದ ಅಲ್ಲ ಅನ್ನೋದನ್ನ ಯಾವುದ್ರಲ್ಲಿ ಅಳೆದು ಹೇಳ್ತಿದೀಯ?"