ಎಫಿಯ ಜಾಗ

ಎಫಿ ಮನ್ರೊ ಎಂಟು ವರ್ಷಗಳಿಂದ ಯಾವುದನ್ನೂ ಪೂರ್ತಿ ಮುಗಿಸಿದವಳಲ್ಲ. ಸೋಮಾರಿತನಕ್ಕಲ್ಲ, ಟೇನ್ ಊರಿನಲ್ಲಿ ಅವಳಷ್ಟು ದುಡಿಯುವ ಹೆಂಗಸನ್ನು ದೀಪ ಹಚ್ಚಿಕೊಂಡು ಹುಡುಕಬೇಕು. ಚಹಾ ಅರ್ಧ ಕುಡಿದಿರುವಾಗ ಗಂಡ ಡೂಗಲ್ ಕರೆಯುತ್ತಾನೆ. ತಲೆಗೆ ಶಾಂಪೂ ಹಚ್ಚಿಕೊಂಡಿರುವಾಗ ಡೂಗಲ್ ಕರೆಯುತ್ತಾನೆ. ಅಕ್ಕನ ಮಗಳ ಮದುವೆಯಲ್ಲಿ ಸರಿಯಾಗಿ ಉಂಗುರ ತೊಡಿಸುವ ಹೊತ್ತಿಗೆ ಡೂಗಲ್‌ನ ಹೊಟ್ಟೆ ಕೆಟ್ಟಿತು. ಪಾರ್ಶ್ವವಾಯು ಹೊಡೆದು ಗಂಡನ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ದಿನದಿಂದ ಅವಳ ಬದುಕು ಅರ್ಧ ಚಹಾಗಳ ಬದುಕಾಯಿತು. ದಾರಿಯಲ್ಲಿ ಸಿಕ್ಕವರು “ಡೂಗಲ್ ಹೇಗಿದ್ದಾನೆ?” ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಪಾಪ, ಒಳ್ಳೆಯ ಜನವೇ. ಆದರೆ ಎಫಿ ಹೇಗಿದ್ದಾಳೆ ಎಂದು ಒಬ್ಬರೂ ಕೇಳಿದ್ದಿಲ್ಲ.

ಮೊದಲು ಕೇಳಿದವರು ಬೆಥಿಯಾ ರಾಸ್, ಔಷಧಿ ಅಂಗಡಿಯ ಸಾಲಿನಲ್ಲಿ. ಊರಿನ ಅರ್ಧ ಜನಕ್ಕೆ ಶಾಲೆಯಲ್ಲಿ ಕವಾಯತು, ಕುಣಿತ ಕಲಿಸಿದ ಟೀಚರು ಅವರು. ಎಪ್ಪತ್ತೆಂಟು ವರ್ಷವಾದರೂ ಬೆನ್ನು ಬಾಗಿಲ್ಲ. ಕಣ್ಣಿಲ್ಲದ ತಮ್ಮನನ್ನು ಮೂವತ್ತು ವರ್ಷ ಒಬ್ಬರೇ ನೋಡಿಕೊಂಡವರು. ಮೊಮ್ಮಕ್ಕಳಿರುವವರೂ ಅವರನ್ನು ‘ಮಿಸ್’ ಎಂದೇ ಕರೆಯುತ್ತಾರೆ.

“ಡೂಗಲ್ ವಿಷಯ ಆಮೇಲೆ. ನಿನ್ನ ಕತೆ ಏನೇ?” ಎಂದರು ಮಿಸ್.

ಎಫಿ ಬಾಯಿ ತೆರೆದಳು, ಅಳು ಬಂತು. ಸಾಲಿನಲ್ಲಿದ್ದವರೆಲ್ಲ ಕೆಮ್ಮಿನ ಔಷಧಿಯ ಬಾಟಲಿಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

“ಗುರುವಾರ ಚರ್ಚಿನ ಹಿಂದಿನ ಹಾಲ್‌ಗೆ ಬಾ. ನಮ್ಮಂಥೋರೇ ಸೇರ್ತೀವಿ, ಮನೇಲಿ ಒಬ್ರನ್ನ ನೋಡ್ಕೊಳ್ಳೋರು. ಮೊದ್ಲು ಸೂಪು, ಆಮೇಲೆ ಕುಣಿತ. ಆ ಎರಡು ಗಂಟೆ ಡೂಗಲ್ ಹತ್ರ ನಮ್ಮ ಪಕ್ಕದ್ಮನೆ ಶೋನಾ ಕೂತಿರ್ತಾಳೆ.”

“ನಂಗೆ ಕುಣಿಯೋಕೆ ಬರಲ್ಲ ಮಿಸ್.”

“ಏಳನೇ ಕ್ಲಾಸಲ್ಲೂ ಇದನ್ನೇ ಹೇಳ್ತಿದ್ದೆ.”

ಕುಣಿತವೆಂದರೆ ಎಂಟು ಜನರದು. ನಾಲ್ಕು ಜೋಡಿ, ಎದುರುಬದುರು ಎರಡು ಸಾಲು. ಒಂದೊಂದು ಜೋಡಿಯೂ ತನ್ನ ಸರದಿ ಬಂದಾಗ ಸಾಲುಗಳ ನಡುವೆ ಇಳಿದು, ಕೈಹಿಡಿದು ಸುತ್ತಿ, ಎರಡು ಸಲ ಮುಂದಾಳಾಗಬೇಕು. ಎಫಿಗೆ ಜೋಡಿಯಾದವರು ಆರ್ಚಿ, ಎಪ್ಪತ್ತನಾಲ್ಕರ ನಿವೃತ್ತ ಅಂಚೆಯವರು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಗಂಡನನ್ನು ಈಗಲೂ ಕಾಗದ ತಂದವನೆಂದುಕೊಂಡು ಬಾಗಿಲಲ್ಲೇ ನಿಲ್ಲಿಸುತ್ತಾಳೆ.

ಮೊದಲ ಗುರುವಾರವೇ ಎಡವಟ್ಟಾಯಿತು. ಬೆರಳು ಹಿಡಿಯಬೇಕಾದ ಕಡೆ ಆರ್ಚಿ ಎಫಿಯ ಮೊಣಕೈಯನ್ನು ಭದ್ರವಾಗಿ ಹಿಡಿದುಕೊಂಡರು.

“ಆರ್ಚಿ, ಅವಳು ಬೀಳೋದಿಲ್ಲ. ಮೊಣಕೈ ಬಿಡು,” ಎಂದರು ಮಿಸ್.

“ಅಭ್ಯಾಸ ಮಿಸ್.”

ಎಫಿ ನಕ್ಕಳು. ಮರುನಿಮಿಷ, ತಿರುಗುವಲ್ಲಿ, ಅವಳೇ ಆರ್ಚಿಯ ಸೊಂಟಕ್ಕೆ ಕೈ ಆನಿಸಿ, “ನಿಧಾನ, ಮೆಟ್ಟಿಲಿದೆ,” ಎಂದುಬಿಟ್ಟಳು.

“ಎಲ್ಲಿದೆ ತಾಯಿ ಮೆಟ್ಟಿಲು?” ಎಂದು ಆರ್ಚಿ ಹಾಲ್‌ನ ಸಮತಟ್ಟಾದ ನೆಲವನ್ನು ಹುಡುಕಿದರು.

ಅವರಿಬ್ಬರೇ ಅಲ್ಲ, ಎಂಟೂ ಜನರದು ಅದೇ ಪಾಡು. ಎದುರಿಗಿದ್ದವರು ಕುಸಿದೇ ಬಿಡುತ್ತಾರೆ ಎನ್ನುವ ಹಾಗೆ ಒಬ್ಬರನ್ನೊಬ್ಬರು ತಬ್ಬಿ, ಆನಿಸಿ, ಸಾಗಿಸುತ್ತಿದ್ದರು. ಮಿಸ್ ತಲೆ ಚಚ್ಚಿಕೊಂಡರು. “ಎಲ್ರೂ ಹಿಡ್ಕೊಳ್ಳೋರೇ ಆದ್ರೆ ಕುಣಿಯೋರು ಯಾರ್ರಪ್ಪಾ?”

ಇನ್ನು ಫೋನುಗಳು. ಎಂಟು ಫೋನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇರುತ್ತಿದ್ದವು, ಒಂದರ ಬಾಯನ್ನೂ ಮುಚ್ಚಿಸುವಂತಿಲ್ಲ. ಮೊದಮೊದಲು ಒಂದು ಬಡಿದುಕೊಂಡರೆ ಎಂಟೂ ಜನ ಓಡುತ್ತಿದ್ದರು. ಆಮೇಲೆ ಒಬ್ಬೊಬ್ಬರದಕ್ಕೆ ಒಂದೊಂದು ಸದ್ದು ಇಟ್ಟುಕೊಂಡರು. ಎಫಿಯದು ಕೋಳಿ ಕೂಗು. ಕರೆ ಬಂದವರು ಹೋಗಬೇಕು, ಉಳಿದವರು ಕುಣಿತ ನಿಲ್ಲಿಸಬಾರದು. ಹೋದವರ ಜಾಗಕ್ಕೆ ಇನ್ನೊಬ್ಬರು ಬರಲೂಬಾರದು. ಅವರು ಅಲ್ಲೇ ಇದ್ದಾರೆ ಎಂಬಂತೆ ಖಾಲಿ ಗಾಳಿಗೆ ಕೈ ಚಾಚಿ, ಸುತ್ತು ಹಾಕಿ ಮುಂದುವರಿಯಬೇಕು. ಇದು ಮಿಸ್ ಮಾಡಿದ ಕಟ್ಟುಪಾಡು.

“ಯಾಕೆ ಮಿಸ್, ನೀವೇ ನಿಂತ್ಕೋಬಹುದಲ್ಲ?” ಎಂದು ಎಫಿ ಒಮ್ಮೆ ಕೇಳಿದ್ದಳು.

“ಜಾಗ ತುಂಬಿಸಿಬಿಟ್ರೆ, ವಾಪಸ್ ಬಂದೋರು ಎಲ್ಲಿ ನಿಂತ್ಕೋಬೇಕು?”

ಐದು ತಿಂಗಳಲ್ಲಿ ಕೋಳಿ ಕೂಗದ ಗುರುವಾರ ಒಂದೂ ಇರಲಿಲ್ಲ. ಕನ್ನಡಕ ಕಾಣುತ್ತಿಲ್ಲ, ಶೋನಾ ಮಾಡಿದ ಚಹಾಕ್ಕೆ ಹಾಲು ಜಾಸ್ತಿ, ಹೊರಗೆ ಮೋಡ ಆಗಿದೆ. ಬೇಕೆಂದೇ ಮಾಡುತ್ತಾನೆ ಎಂದು ಎಫಿಗೆ ಎಷ್ಟೋ ಸಲ ಅನ್ನಿಸಿತು. ಅನ್ನಿಸಿದ್ದಕ್ಕೆ ಅಷ್ಟೇ ಸಲ ನಾಚಿಕೆಯೂ ಆಯಿತು. ದೋಣಿ ನಡೆಸುತ್ತಿದ್ದ ಗಂಡಸಿಗೆ ಎಫಿ ಇಲ್ಲದ ಮನೆ ಎಂದರೆ ಭಯ, ಅದನ್ನು ಅವನು ಹೇಳಿಕೊಳ್ಳಲಾರ.

ಅಕ್ಟೋಬರಿನಲ್ಲಿ ಊರಿನ ನೃತ್ಯ ಸಂಘದವರು ದೊಡ್ಡ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನದ ಕುಣಿತ ಇಟ್ಟರು. ಗುರುವಾರದವರಿಗೂ ಒಂದು ಕುಣಿತ ಬಿಟ್ಟುಕೊಟ್ಟರು. ಎಫಿ ಆ ಬೆಳಗ್ಗೆ ಗಂಡನ ಗಡ್ಡ ಹೆರೆಯುತ್ತಾ ಹೇಳಿದಳು:

“ಇವತ್ತು ಒಂದೇ ಒಂದು ಕುಣಿತ, ಮೊದ್ಲಿಂದ ಕೊನೇವರೆಗೆ. ಐದೇ ನಿಮಿಷ. ಎಂಟು ವರ್ಷದಲ್ಲಿ ನಾನು ಬೇರೇನೂ ಕೇಳಿಲ್ಲ ಡೂಗಲ್.”

ಅವನ ಬಾಯಿಯ ಒಂದು ಬದಿ ನಕ್ಕಿತು. “ಹೋಗು. ನಾನೇನು ಮಗುವಾ?”

ಹಾಲ್‌ನಲ್ಲಿ ಸಂಘದ ಅಧ್ಯಕ್ಷೆ ಶ್ರೀಮತಿ ಫಾರ್ಕರ್ಸನ್, ಬೆಳ್ಳಿಯ ಪದಕ ಚುಚ್ಚಿಕೊಂಡು, ಎಲ್ಲರ ಫೋನು ಬಂದ್ ಮಾಡಿಸುತ್ತಿದ್ದರು.

“ನಮ್ಮವ್ರದ್ದು ಆಗಲ್ಲ,” ಎಂದರು ಮಿಸ್.

“ಎಲ್ಲರಿಗೂ ಒಂದೇ ನಿಯಮ ಮಿಸ್ ರಾಸ್.”

“ಹಾಗಾದ್ರೆ ಎಲ್ರ ಮನೇಲೂ ಒಬ್ರು ಮಲಗಿರಬೇಕಿತ್ತು, ಮಾರ್ಗರಿಟಾ. ನೀನು ಹಿಮ್ಮಡಿ ಎತ್ತಿ ಹೆಜ್ಜೆ ಹಾಕೋದನ್ನ ಇನ್ನೂ ಕಲಿತಿಲ್ಲ, ಅದನ್ನ ನೋಡ್ಕೋ.”

ಅಧ್ಯಕ್ಷೆಯ ಮುಖ ಕೆಂಪಾಯಿತು. ಎಂಟು ಫೋನು ಬಾಗಿಲ ಬಳಿಯ ಕುರ್ಚಿಯ ಮೇಲೆ ಕೂತವು.

ಅಕಾರ್ಡಿಯನ್ ಎದ್ದಿತು, ಪಿಟೀಲು ಸೇರಿಕೊಂಡಿತು. ಎಫಿ, ಆರ್ಚಿ ಮೂರನೆಯ ಜೋಡಿ. ಮೊದಲ ಜೋಡಿ ತನ್ನ ಸರದಿ ಮುಗಿಸಿ ಕೆಳಗೆ ಹೋಯಿತು. ಎರಡನೆಯದು ಶುರುವಾಯಿತು. ಎಫಿಯ ಕಾಲಿಗೆ ಹದಿನಾರು ವರ್ಷ ವಯಸ್ಸು. ಇನ್ನೇನು ತಮ್ಮ ಸರದಿ ಬಂತು ಎನ್ನುವಾಗ ಕೋಳಿ ಕೂಗಿತು.

ಬೆಂಚುಗಳ ಮೇಲೆ ಕೂತಿದ್ದವರು ನಕ್ಕರು. ಎಫಿ ಅರ್ಧ ಕ್ಷಣ ಅಲ್ಲೇ ನಿಂತಳು.

“ಹೋಗು ತಾಯಿ,” ಎಂದರು ಆರ್ಚಿ. “ಜಾಗ ನೋಡ್ಕೊಳ್ತೀನಿ.”

ಅವಳು ಫೋನು ಕಿತ್ತುಕೊಂಡು ಗಾಜಿನ ಬಾಗಿಲಾಚೆಗೆ ಓಡಿದಳು.

“ಬಿದ್ಯಾ? ಏನಾಯ್ತು?”

“ಏನೂ ಆಗಿಲ್ಲ,” ಎಂದ ಡೂಗಲ್. “ಮುಗೀತಾ ಅಂತ ಕೇಳೋಣ ಅಂತ.”

ಎಫಿಗೆ ನಗುವುದೋ ಗೋಡೆಗೆ ತಲೆ ಬಡಿಯುವುದೋ ತಿಳಿಯಲಿಲ್ಲ. “ಮುಗೀತಿತ್ತು, ನೀನು ಫೋನ್ ಮಾಡದೇ ಇದ್ದಿದ್ರೆ.”

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ; ಎಫಿಗೆ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಮೂರನೆಯ ಜೋಡಿಯ ಸರದಿ ಶುರುವಾಗಿತ್ತು. ಆರ್ಚಿ ಒಬ್ಬರೇ ನಡುವೆ ಇಳಿದಿದ್ದರು. ಎದುರಿಗಿದ್ದ ಗಾಳಿಗೆ ತಲೆಬಾಗಿ, ಕೈ ಚಾಚಿ, ಗತ್ತಿನಿಂದ ಸುತ್ತಿದರು. ಮೊಣಕೈಯ ಮಟ್ಟಕ್ಕಲ್ಲ, ಸರಿಯಾಗಿ ಎಫಿಯ ಬೆರಳುಗಳು ಇರುವ ಮಟ್ಟಕ್ಕೆ. ಉಳಿದ ಆರೂ ಜನ ಅವಳ ಜಾಗವನ್ನು ಸುತ್ತಿ ಹೋಗುತ್ತಿದ್ದರು, ಒಬ್ಬರೂ ತುಳಿಯಲಿಲ್ಲ. ಬೆಂಚಿನ ನಗು ನಿಂತಿತು.

ಮುರಿದ ಸಾಲನ್ನು ನೋಡಲಾರದೆ ಶ್ರೀಮತಿ ಫಾರ್ಕರ್ಸನ್ ಎದ್ದರು. ಒಳ್ಳೆಯ ಮನಸ್ಸಿನಿಂದಲೇ ಎದ್ದರು. ಲಂಗ ಸರಿಮಾಡಿಕೊಂಡು ಆ ಜಾಗಕ್ಕೆ ಕಾಲಿಡಲು ಹೋದರು.

ಆರ್ಚಿ ಹೆಜ್ಜೆ ತಪ್ಪಿಸದೆ ಹೇಳಿದರು: “ಕ್ಷಮಿಸಿ ಅಮ್ಮ, ಇಲ್ಲಿ ಜನ ಇದ್ದಾರೆ.”

ಅಷ್ಟು ದೊಡ್ಡ ಹಾಲ್‌ನಲ್ಲಿ, ಅಷ್ಟೊಂದು ಜನರ ಮುಂದೆ, ತನಗೊಂದು ಜಾಗವಿದೆ. ಎಫಿಯ ಎದೆ ಹೆಮ್ಮೆಯಿಂದ ತುಂಬಿಬಂತು, ಡೂಗಲ್ ದೋಣಿಯ ಚುಕ್ಕಾಣಿ ಹಿಡಿದಿದ್ದ ಕಾಲದಲ್ಲೂ ಹಾಗೆ ತುಂಬಿದ್ದಿಲ್ಲ.

“ಎಫಿ,” ಎಂದ ಡೂಗಲ್, “ಇನ್ನೂ ಅಲ್ಲೇ ಇದೀಯಾ? ಓಡೇ. ಫೋನ್ ಇಡಬೇಡ, ನಾನೂ ಕೇಳಿಸ್ಕೊಳ್ತೀನಿ.”

ಅವಳು ಫೋನನ್ನು ಹಾಗೇ ಕುರ್ಚಿಯ ಮೇಲಿಟ್ಟು ನಡೆದಳು. ಓಡಲಿಲ್ಲ, ತಲೆ ಎತ್ತಿಕೊಂಡು ನಡೆದಳು. ದಾರಿ ಬಿಟ್ಟವರಲ್ಲಿ ಶ್ರೀಮತಿ ಫಾರ್ಕರ್ಸನ್ ಮೊದಲಿಗರು. ತಮ್ಮ ಸರದಿಯ ಎರಡನೆಯ ಸಲದ ಮೊದಲ ತಾಳಕ್ಕೆ ಆರ್ಚಿಯ ಕೈ ಚಾಚಿಯೇ ಇತ್ತು. ಅವಳು ಬೆರಳು ಇಟ್ಟಳು. ಸುತ್ತಿದರು, ಇಳಿದರು, ಏರಿದರು. ನಾಲ್ಕನೆಯ ಜೋಡಿಯೂ ತನ್ನ ಸರದಿ ಮುಗಿಸಿತು. ಕೊನೆಯ ಸ್ವರಕ್ಕೆ ಎಂಟೂ ಜನ ತಲೆಬಾಗಿದರು. ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು.

“ಮಧ್ಯ ಬಿಟ್ಟುಹೋದೆ ಮಿಸ್,” ಎಂದಳು ಎಫಿ, ಉಸಿರು ಹಿಡಿಯುತ್ತಾ.

“ಎಲ್ಲಿ ಬಿಟ್ಟೆ? ಆರ್ಚಿನ ಕೇಳು.”

“ಬಿಡೋದೆಲ್ಲಿ ಬಂತು?” ಎಂದರು ಆರ್ಚಿ. “ಮಧ್ಯದಲ್ಲಿ ಒಂದ್ಸಲ ನನ್ನ ಕಾಲು ಕೂಡ ತುಳಿದ್ಳು.”

ಎಫಿ ಕುರ್ಚಿಯ ಬಳಿ ಹೋಗಿ ಫೋನು ಎತ್ತಿಕೊಂಡಳು. ಆಚೆಯಿಂದ ಚಪ್ಪಾಳೆಯಾಗದ ಒಂದು ಸದ್ದು ಬರುತ್ತಿತ್ತು. ಮನೆಯಲ್ಲಿ ಡೂಗಲ್‌ನ ಒಂದೇ ಕೈ ಅವನ ಕುರ್ಚಿಯ ಹಿಡಿಯನ್ನು ತಟ್ಟುತ್ತಿತ್ತು.

“ಮುಗೀತು ಡೂಗಲ್,” ಎಂದಳು ಅವಳು.