ಕಥೆಯೊಳಗಿನ ಅಕ್ಕ

ಹಲ್ಲುನೋವು ತಡೆಯಲಾರದೆ ತಂಗಿ ಕೊನೆಗೆ ಅಕ್ಕನ ಕ್ಲಿನಿಕ್ಕಿಗೇ ಬಂದಳು. ಅಕ್ಕ ದಂತವೈದ್ಯೆ, ತಂಗಿ ಕಥೆಗಾರ್ತಿ. ತಂಗಿಯ ಹೊಸ ಕಥೆ ಪತ್ರಿಕೆಯಲ್ಲಿ ಬಂದಾಗಿನಿಂದ ಅಕ್ಕ ಅವಳ ಫೋನ್ ಎತ್ತಿರಲಿಲ್ಲ.

ಇಂಜೆಕ್ಷನ್ ಕೊಟ್ಟು, ದವಡೆಗೆ ಹತ್ತಿ ತುರುಕಿದ ಮೇಲೆ ಅಕ್ಕ ಬಾಯಿ ಬಿಟ್ಟಳು.

“ಅಮ್ಮ ಹಾಸಿಗೆ ಹಿಡಿದಾಗ ಮೈ ಒರೆಸಿದ್ದು ಯಾರು? ನಾನು. ನಿನ್ನ ಕಥೆಯಲ್ಲಿ ಒರೆಸೋದು ತಂಗಿ! ಅಕ್ಕ ಗಡಿಯಾರ ನೋಡ್ತಾ ನಿಂತಿರ್ತಾಳೆ. ಅವಳಿಗೆ ನನ್ನದೇ ಕನ್ನಡಕ, ನನ್ನದೇ ಕೆಮ್ಮು!”

ತಂಗಿ ಹತ್ತಿಯ ನಡುವೆಯೇ ಗೊಣಗಿದಳು. “ಕಥೆ ಹೇಳ್ತಿರೋಳು ನಾನಲ್ಲ ಅಕ್ಕ, ಅವಳು ನಿರೂಪಕಿ. ಆ ಅಕ್ಕನೂ ನೀನಲ್ಲ, ಬರೀ ಒಂದು ಪಾತ್ರ.”

“ಹೌದಮ್ಮ, ನಿನಗೆ ಪಾತ್ರ, ನನಗೆ ಪಾತ್ರೆ ತೊಳೆಯೋ ಕೆಲಸ! ನೆಂಟರೆಲ್ಲ ಓದಿ ನನಗೆ ಛೀ ಅಂತಿದ್ದಾರೆ. ನಿರೂಪಕಿ ಅಂದ್ರೆ ಏನು ಅಂತ ಅವರಿಗೆ ಹೋಗಿ ಹೇಳು.”

“ಕಥೆ ಅಂದ್ಮೇಲೆ ಸಂಘರ್ಷ ಬೇಕಲ್ಲ…”

“ಬೇಕಿದ್ರೆ ನನ್ನ ಕೇಳಬೇಕಿತ್ತು. ಕೈತುಂಬ ಕೊಡ್ತಿದ್ದೆ.”

ಅಷ್ಟು ಸಿಟ್ಟಿನಲ್ಲೂ ಅಕ್ಕ ಜೋಪಾನವಾಗಿ ಹುಳುಕು ತೆಗೆದು, ಹಲ್ಲು ತುಂಬಿ, ಹತ್ತಿ ಹೊರಗೆಳೆದಳು. ತಂಗಿಯ ಕಣ್ಣು ತುಂಬಿತ್ತು.

“ಎರಡೇ ದಿನ ಇದ್ದು ಹೊರಟುಬಿಟ್ಟೆನಲ್ಲ ಅಕ್ಕ. ಅಮ್ಮನ್ನ ನಾನೇ ನೋಡಿಕೊಂಡಿದ್ರೆ ಅನ್ನೋ ಆಸೆಗೆ ಹಾಗೆ ಬರೆದೆ.”

ಅಕ್ಕ ಕೈಗವಸು ಕಳಚಿ ಡಬ್ಬಿಗೆ ಎಸೆದಳು.

“ಆಸೆ ಅಂತಲೇ ಬರೀಬೇಕಿತ್ತು. ನೀನು ಒಳ್ಳೆಯವಳಾಗೋಕೆ ನನ್ನನ್ನ ಯಾಕೆ ಕೆಟ್ಟವಳು ಮಾಡಿದೆ?”

ತಂಗಿ ತಲೆ ತಗ್ಗಿಸಿದಳು. “ಜೋಮು ಇಳಿಯೋವರೆಗೂ ಏನೂ ತಿನ್ನಬೇಡ” ಎಂದಷ್ಟೇ ಹೇಳಿ ಅಕ್ಕ ಮುಂದಿನ ರೋಗಿಯನ್ನು ಕರೆದಳು.